ಹಳೆಯ ಜಾವಾಕ್ಕೆ ಹೊಸ ಸ್ಪ್ರಿಂಗ್

ನಮ್ಮ ವ್ಯಾಪಾರಿ ಮನೆಗಳಲ್ಲಿ ಹಳೆಯ ಮೋಟಾರ್ ಸೈಕಲ್ಲನ್ನು ಮಾರುವ ರೂಢಿ ಕಡಿಮೆ. ಹಿರಿಯರು ಕೊಂಡ ಗಾಡಿ ಎಂದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿಯೋ, ಅಡತಿ ಅಂಗಡಿಯ ಹಿಂದಿನ ಗೋದಾಮಿನಲ್ಲಿಯೋ ಗೋಣಿಚೀಲ ಹೊದಿಸಿ ನಿಲ್ಲಿಸಿರುತ್ತೇವೆ. ಇತ್ತೀಚಿನ ವರ್ಷಗಳಲ್ಲಿ ಮನೆಯ ಹುಡುಗರಿಗೆ ಈ ಗಾಡಿಗಳ ಮೇಲೆ ಪ್ರೀತಿ ಹುಟ್ಟಿದೆ. ಜಾವಾ, ಯೆಜ್ಡಿ, ಬುಲೆಟ್, ರಾಜದೂತ ಯಾವುದೇ ಇರಲಿ, ಹೊರಗೆ ತೆಗೆದು ಬಣ್ಣ ಬಳಿಸುತ್ತಾರೆ, ಸೈಲೆನ್ಸರಿಗೆ ಕ್ರೋಮ್ ಮಾಡಿಸುತ್ತಾರೆ, ಇಂಜಿನ್ ಬಿಚ್ಚಿ ಬೋರ್ ಮಾಡಿಸುತ್ತಾರೆ. ಇಷ್ಟಕ್ಕೇ ಹತ್ತಿಪ್ಪತ್ತು ಸಾವಿರ ರೂಪಾಯಿ ಸುಲಭವಾಗಿ ಕೈಬಿಡುತ್ತದೆ. ಆದರೆ ಗಾಡಿಯ ಮುಂದಿನ ಭಾರವನ್ನೆಲ್ಲ ಹೊತ್ತ ಶಾಕಪ್‌ ಒಳಗೆ ಏನಾಗಿದೆ ಎಂದು ತೆಗೆದು ನೋಡುವವರು ಬಹಳ ಕಡಿಮೆ. ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಆದ್ದರಿಂದ ಈ ಸಲ ಆ ಸ್ಪ್ರಿಂಗಿನ ವಿಷಯವನ್ನೇ ಬರೆಯುತ್ತಿದ್ದೇವೆ. ನಾವು ಮೆಟ್ರಿಕ್ ಓದಿದವರು, ಇಂಜಿನಿಯರ್ ಅಲ್ಲ. ಆದರೆ ತೂಕ ಮತ್ತು ಅಳತೆ ನಮ್ಮ ಕಸುಬು, ಮತ್ತು ಸ್ಪ್ರಿಂಗ್ ಎಂಬುದು ಪೂರ್ತಿಯಾಗಿ ತೂಕ ಮತ್ತು ಅಳತೆಯ ವ್ಯವಹಾರ.

ನಮ್ಮ ಆರಗದ ಮನೆಯಲ್ಲಿರುವುದು ಜಾವಾ 250. ತಂದೆಯವರು 1969ರಲ್ಲಿ ಕೊಂಡದ್ದು. ಜಾವಾ ಎಂಬ ಹೆಸರು ಮೂಲತಃ ಝೆಕ್ ದೇಶದ್ದು. 1929ರಲ್ಲಿ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಹಕ್ಕು ಪಡೆದು, ಎರಡೂ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ನಮ್ಮ ದೇಶದಲ್ಲಿ ಪಾರ್ಸಿ ಸಮಾಜದ ಇರಾಣಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರಖಾನೆ ತೆಗೆದರು, 1961ರಿಂದ ಗಾಡಿಗಳು ಹೊರಬಂದವು. 1973ರ ಸುಮಾರಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರಖಾನೆಯೇ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಗಾಡಿ ಮತ್ತೆ ಪೇಟೆಗೆ ಬಂದಿತು. ಆದರೆ ಅದು ನಾಲ್ಕು ಸ್ಟ್ರೋಕಿನ, ನೀರಿನಿಂದ ತಣಿಯುವ ಬೇರೆಯೇ ಇಂಜಿನ್ನಿನ ಬೇರೆಯೇ ಗಾಡಿ. ಅದರ ಸಾಮಾನು ಹಳೆಯದಕ್ಕೆ ಕೂಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಆರಗ, ಬೇಡಗ ಭಾಗದ ಎಲೆಬಳ್ಳಿ ತೋಟಗಳನ್ನು ಬಲ್ಲವರಿಗೆ ಈ ಗಾಡಿ ಏಕೆ ಬೇಕಾಗಿತ್ತೆಂದು ಹೇಳಬೇಕಾಗಿಲ್ಲ. ಬೆಳಗಿನ ಹೊತ್ತು ಹಿಂದೆ ಎಲೆಯ ಬುಟ್ಟಿ ಕಟ್ಟಿಕೊಂಡು ಮಿರಜಕ್ಕೆ, ಅಲ್ಲಿಂದ ಸಾಂಗಲಿಯ ಅರಿಷಿಣ ಪೇಟೆಗೆ, ಸಂಜೆ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಮನೆಗೆ. ರಾತ್ರಿ ಊಟವಿಲ್ಲದ ಮನೆಯವರಿಗೆ ಹೊತ್ತಿನ ಅವಸರ ಎಂಥದೆಂದು ನಮ್ಮ ಓದುಗರಿಗೆ ಗೊತ್ತು. ಆಗ ಇದ್ದ ನ್ಯಾರೋ ಗೇಜಿನ ರೈಲು ನಮ್ಮ ಊಟದ ವೇಳೆ ನೋಡಿಕೊಂಡು ಓಡುತ್ತಿರಲಿಲ್ಲ. ಹೀಗೆ ಇಪ್ಪತ್ತು ವರ್ಷ ದುಡಿದು, ಮುಂದೆ ಸ್ಕೂಟರ್ ಬಂದ ಮೇಲೆ ಜಾವಾ ಗೋದಾಮು ಸೇರಿತು.

ಅದನ್ನು ಹೊರಗೆ ತೆಗೆದವನು ನಮ್ಮ ಅಣ್ಣನವರ ಮಗ. ಇಂಜಿನ್ ಕೆಲಸ ಚೆನ್ನಾಗಿಯೇ ಮಾಡಿಸಿದ್ದ. ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ, ಹಿಂದೆ ಹೆಂಡತಿಯನ್ನು ಕೂಡಿಸಿಕೊಂಡು ಮಿರಜದಿಂದ ಬರುವಾಗ, ಅಡ್ಡ ತಿರುಗಿದ ಕಬ್ಬಿನ ಗಾಡಿಯ ಮುಂದೆ ಬ್ರೇಕ್ ಹಿಡಿದ. ಗಾಡಿಯ ಮೋರೆ ಒಮ್ಮೆಲೇ ಕೆಳಗೆ ಕುಸಿದು ‘ಟಕ್’ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದಿತ್ತಂತೆ. ಮುಂದಿನ ಚಕ್ರ ಜಾರಿ ಇಬ್ಬರೂ ಬಿದ್ದರು. ವೇಗ ಬಹಳ ಇರಲಿಲ್ಲ, ಆದ್ದರಿಂದ ಅವನಿಗೆ ತರಚು ಗಾಯವಷ್ಟೇ. ಸೊಸೆಯ ಬಲಗೈ ಮಣಿಕಟ್ಟಿನ ಎಲುಬು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಕೂಡಬೇಕಾಯಿತು.

ಮನೆಯಲ್ಲಿ ಮಾತು ಬೆಳೆಯಿತು. ನಮ್ಮ ವೈನಿಯವರು, ‘ಆ ಫಟಫಟಿ ಮೊದಲ ಮನಿಯಿಂದ ಹೊರಗ ಹೋಗಲಿ, ಇಲ್ಲಾಂದ್ರ ನಾ ಹೋಗತೀನಿ’ ಎಂದುಬಿಟ್ಟರು. ಪುಣೆಯ ಒಬ್ಬ ಖರೀದಿದಾರ ಫೋಟೋ ನೋಡಿಯೇ ಒಳ್ಳೆಯ ಬೆಲೆ ಹೇಳಿದ್ದ. ತಂದೆಯವರ ಗಾಡಿ ಎಂದು ಅಣ್ಣನವರಿಗೆ ಮನಸ್ಸಿಲ್ಲ. ಹುಡುಗನಿಗೆ ತನ್ನ ಮೇಲೆಯೇ ಸಿಟ್ಟು, ಬ್ರೇಕ್ ಹಿಡಿಯುವುದು ತಪ್ಪಿತು ಎಂದು. ನಾವು ಹೇಳಿದ್ದು ಇಷ್ಟೇ: ಮಾರುವುದಿದ್ದರೂ ಮೊದಲು ಬಿಚ್ಚಿ ನೋಡೋಣ. ದೋಷವಿದ್ದ ಮಾಲನ್ನು ಹೇಳದೆ ದಾಟಿಸುವುದು ನಮ್ಮ ಮನೆಯ ವ್ಯಾಪಾರವಲ್ಲ. ನಮ್ಮ ಹುಡುಗರು ಬೀಳುವ ಗಾಡಿಯ ಮೇಲೆ ಪುಣೆಯವರ ಹುಡುಗರು ಬಿದ್ದರೆ ನಡೆಯುತ್ತದೆಯೇ?

ಮಿರಜದಲ್ಲಿ ಜಾವಾ ಕೆಲಸದಲ್ಲೇ ತಲೆ ಹಣ್ಣಾದ ಮಿಸ್ತ್ರಿಯೊಬ್ಬರಿದ್ದಾರೆ. ಅವರು ಗಾಡಿಯನ್ನು ಆಡಿಸಿ ನೋಡಿ, ‘ಬ್ರೇಕಿಂದು ದೋಷ ಅಲ್ಲರೀ ಶೇಟ್‌ರ, ಕೆಳಗ ಕುಂದರಾಕ ಜಾಗಾನ ಉಳದಿಲ್ಲ’ ಎಂದರು. ಮೇಲಿನ ನಟ್ ಬಿಚ್ಚಿ ಎರಡೂ ಸ್ಪ್ರಿಂಗ್ ಹೊರಗೆಳೆದರು. ಬಳಿಕ ಅಂಗಡಿಯ ಒಳಗಿನ ಮೊಳೆಗೆ ನೇತುಹಾಕಿದ್ದ ಎಣ್ಣೆ ಸವರಿದ ಒಂದು ಸ್ಪ್ರಿಂಗ್ ತಂದು ಪಕ್ಕದಲ್ಲಿಟ್ಟರು. ಅದು ಮೈಸೂರಿನ ಕಾರಖಾನೆ ನಡೆಯುತ್ತಿದ್ದಾಗ ಬಂದ, ಒಮ್ಮೆಯೂ ಗಾಡಿಗೆ ಹಾಕದ ಮಾಲು. ಮಾರುವುದಿಲ್ಲ, ಅಳತೆಗೆ ಮಾತ್ರ ಎಂದು ಇಟ್ಟುಕೊಂಡಿದ್ದಾರೆ. ಸರಕಾರದವರು ತೂಕದ ಕಲ್ಲು ಪರೀಕ್ಷಿಸಲು ಮಾದರಿ ಕಲ್ಲು ಇಟ್ಟುಕೊಂಡ ಹಾಗೆ. ಅದರ ಪಕ್ಕದಲ್ಲಿ ನಮ್ಮ ಸ್ಪ್ರಿಂಗ್ ಒಂದು 28 ಮಿ.ಮೀ. ಗಿಡ್ಡವಾಗಿತ್ತು, ಇನ್ನೊಂದು 19 ಮಿ.ಮೀ.

ಇಲ್ಲಿ ಒಂದು ಮಾತು ತಿಳಿಯತಕ್ಕದ್ದಿದೆ. ಹಳೆಯ ಸ್ಪ್ರಿಂಗ್ ಮೆತ್ತಗಾಯಿತು ಎಂದು ನಾವೆಲ್ಲ ಅನ್ನುತ್ತೇವೆ. ಮಿಸ್ತ್ರಿಯವರ ಮಾತು ಬೇರೆ: ‘ಸ್ಪ್ರಿಂಗ್ ಮೆತ್ತಗ ಆಗಂಗಿಲ್ಲ, ಗಿಡ್ಡ ಆಗತೈತಿ.’ ಅದೇ ಖರೆ. ಸ್ಪ್ರಿಂಗಿನ ಬಿರುಸು ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಗುಣ ಇವುಗಳಿಂದ ಬರುತ್ತದೆ. ತುಕ್ಕು ತಿಂದು ತಂತಿ ತೆಳುವಾಗದ ಹೊರತು ಇವು ವಯಸ್ಸಿನಿಂದ ಬದಲಾಗುವುದಿಲ್ಲ. ಆದರೆ ಹತ್ತಾರು ವರ್ಷ ಭಾರ ಹೊತ್ತು ಕುಳಿತ ಸ್ಪ್ರಿಂಗ್ ಕುಗ್ಗಿದಲ್ಲಿಯೇ ಸ್ವಲ್ಪ ಸ್ವಲ್ಪ ನಿಂತುಬಿಡುತ್ತದೆ, ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಗೋದಾಮಿನಲ್ಲಿ ವರ್ಷಗಟ್ಟಲೆ ಮುಂದಿನ ಚಕ್ರದ ಮೇಲೆ ಭಾರ ಬಿಟ್ಟು ನಿಲ್ಲಿಸಿದರೂ ಅದು ಹೊರುವುದು ಹೊರುವುದೇ. ಒಂದು ಇಂಚು ಗಿಡ್ಡವಾದ ಸ್ಪ್ರಿಂಗ್ ಗಾಡಿಯನ್ನು ಅಷ್ಟು ಕೆಳಗಿನಿಂದಲೇ ಹಿಡಿಯುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದೆ ಬರುತ್ತದೆ, ಉಳಿದ ಸ್ವಲ್ಪ ಜಾಗ ತುಂಬಿ ಶಾಕಪ್ ತಳ ಬಡಿಯುತ್ತದೆ. ತಳ ಬಡಿದ ಕ್ಷಣಕ್ಕೆ ಅದು ಸ್ಪ್ರಿಂಗ್ ಅಲ್ಲ, ಬರೀ ಕಬ್ಬಿಣದ ಕೋಲು. ರಸ್ತೆಯ ಏರಿಳಿತಕ್ಕೆ ಟಾಯರ್ ನೆಲ ಬಿಡುತ್ತದೆ. ಹುಡುಗ ಬಿದ್ದದ್ದು ಹೀಗೆ.

ಗಾಡಿ ಇಟ್ಟುಕೊಳ್ಳುವುದೋ ಮಾರುವುದೋ ಆಮೇಲೆ, ಮೊದಲು ಸ್ಪ್ರಿಂಗ್ ಹಾಕಿಸುವುದೆಂದು ನಿರ್ಣಯವಾಯಿತು. ದೊಡ್ಡ ಊರಿನ ಒಂದು ಬಿಡಿಭಾಗದ ಅಂಗಡಿಯಿಂದ ಜೋಡಿ ತರಿಸಿದೆವು. ಅಂಗಡಿಯ ಹೆಸರು ಇಲ್ಲಿ ಬೇಡ. ಚೀಟಿಯ ಮೇಲೆ ‘ಒರಿಜಿನಲ್’ ಎಂದಿತ್ತು. ಕಾರಖಾನೆ ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಒರಿಜಿನಲ್ ಮಾಲು ಹೊಸದಾಗಿ ಎಲ್ಲಿಂದ ಬರುತ್ತದೆ ಎಂದು ವ್ಯಾಪಾರಿಗೆ ಅನುಮಾನ ಬರಬೇಕು, ಬಂದಿತು. ಉದ್ದ ನೋಡಿದರೆ ಮಾದರಿಗೆ ಸರಿಯಾಗಿಯೇ ಇತ್ತು. ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಉದ್ದ ಸರಿ ಇದ್ದರೆ ಸಾಲದು, ತೂಕವನ್ನೂ ಹೊರಬೇಕಷ್ಟೆ.

ಆದ್ದರಿಂದ ನಮ್ಮ ಗೋದಾಮಿನಲ್ಲಿಯೇ ತೂಗಿದೆವು. ಉದ್ದ ಸ್ಪ್ರಿಂಗಿನ ಮೇಲೆ ಹಾಗೆಯೇ ಭಾರ ಇಟ್ಟರೆ ಅದು ನಡುವೆ ಬಾಗಿ ಸಿಡಿಯುತ್ತದೆ, ಹಾಗೆ ಮಾಡಬಾರದು. ಸ್ಪ್ರಿಂಗಿನೊಳಗೆ ಸಲೀಸಾಗಿ ಹೋಗುವ ಸಲಾಕೆಯನ್ನು ದಪ್ಪ ಹಲಗೆಯ ಮೇಲೆ ನೆಟ್ಟಗೆ ವೆಲ್ಡಿಂಗ್ ಮಾಡಿಸಿದ ತಟ್ಟೆಗೆ ನಿಲ್ಲಿಸಿದೆವು. ಅದಕ್ಕೆ ಸ್ಪ್ರಿಂಗ್ ಇಳಿಬಿಟ್ಟು, ಮೇಲೆ ತೂತಿನ ತಗಡು ಇಟ್ಟು, ಸಲಾಕೆಯ ಎಡಬಲಕ್ಕೆ 10 ಕಿಲೋದ ಒಂದೊಂದು ಕಲ್ಲು ಇಟ್ಟೆವು. 20 ಕಿಲೋ ಭಾರಕ್ಕೆ ಮಾದರಿ ಸ್ಪ್ರಿಂಗ್ 40 ಮಿ.ಮೀ. ಕುಗ್ಗಿತು, ಅಂದರೆ ಒಂದು ಮಿ.ಮೀ.ಗೆ ಅರ್ಧ ಕಿಲೋ. ನಮ್ಮ ಹಳೆಯ ಗಿಡ್ಡ ಸ್ಪ್ರಿಂಗ್ ಕುಗ್ಗಿದ್ದು 41. ನೋಡಿರಿ, ಅದರ ಬಿರುಸು ಹೋಗಿರಲೇ ಇಲ್ಲ, ಉದ್ದ ಮಾತ್ರ ಹೋಗಿತ್ತು. ಮಿಸ್ತ್ರಿಯವರ ಮಾತಿಗೆ ಕಲ್ಲು ಸಾಕ್ಷಿ ಹೇಳಿತು. ಹೊಸ ಜೋಡಿಯಲ್ಲಿ ಒಂದು 41 ಕುಗ್ಗಿತು, ಇನ್ನೊಂದು 47.

ವರ್ನಿಯರ್ ಹಚ್ಚಿ ನೋಡಿದಾಗ ಕಾರಣ ತಿಳಿಯಿತು. ಒಂದರ ತಂತಿ 4 ಮಿ.ಮೀ., ಇನ್ನೊಂದರದು 3.85. ಇಷ್ಟು ಸಣ್ಣ ಅಂತರಕ್ಕೆ ಆರು ಮಿ.ಮೀ. ವ್ಯತ್ಯಾಸ ಹೇಗೆ ಬಂತೆಂದು ಅಣ್ಣನವರು ಕೇಳಿದರು. ಕಾಲೇಜಿಗೆ ಹೋಗುವ ಮೊಮ್ಮಗ ಲೆಕ್ಕ ಬಿಡಿಸಿ ತೋರಿಸಿದ. ಸ್ಪ್ರಿಂಗ್ ಎಷ್ಟು ಭಾರಕ್ಕೆ ಎಷ್ಟು ಕುಗ್ಗುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿಯೇ ಅಚ್ಚುಮಾಡಿದ್ದ: ಎರಡರಷ್ಟು ಭಾರಕ್ಕೆ ಎರಡರಷ್ಟು ಕುಗ್ಗು. ಆದರೆ ತಂತಿಯ ದಪ್ಪದ ಲೆಕ್ಕ ಹಾಗೆ ನೇರವಲ್ಲ. ದಪ್ಪವನ್ನು ನಾಲ್ಕು ಸಲ ಗುಣಿಸಿದಷ್ಟು ಪರಿಣಾಮ ಆಗುತ್ತದೆ. 4 ಮಿ.ಮೀ. ಇದ್ದಲ್ಲಿ 4.2 ಹಾಕಿದರೆ ದಪ್ಪ ಹೆಚ್ಚಾದದ್ದು ನೂರಕ್ಕೆ ಐದು, ಬಿರುಸು ಹೆಚ್ಚಾಗುವುದು ನೂರಕ್ಕೆ ಇಪ್ಪತ್ತೊಂದಕ್ಕಿಂತ ಮೇಲೆ. ಬಡ್ಡಿಗೆ ಚಕ್ರಬಡ್ಡಿ ಬಿದ್ದ ಹಾಗೆ. ಆದ್ದರಿಂದ ಸ್ಪ್ರಿಂಗ್ ಕೊಳ್ಳುವಾಗ ‘ತುಸು ಆ ಕಡೆ ಈ ಕಡೆ’ ಎಂಬ ಮಾತು ನಡೆಯುವುದಿಲ್ಲ.

ಎರಡು ಕಾಲುಗಳೂ ಒಂದೇ ಅಚ್ಚಿಗೆ ಕಟ್ಟಿದವು, ಸಣ್ಣ ಅಂತರವಿದ್ದರೆ ಎರಡರ ಬಲ ಕೂಡಿ ನಡೆದುಹೋಗುತ್ತದೆ ಎಂದು ಅಂಗಡಿಯವರು ಫೋನಿನಲ್ಲಿ ವಾದಿಸಿದರು. ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಜೋಡಿ ಎಂದು ಹಣ ತೆಗೆದುಕೊಂಡ ಮೇಲೆ ಜೋಡಿ ಕೊಡಬೇಕು. ಒಂದು ಕಾಲು ಹೆಚ್ಚು ಒತ್ತಿದರೆ ಕೊಳವೆ ಓರೆಯಾಗಿ ಉಜ್ಜುತ್ತದೆ, ಬುಷ್ ಮತ್ತು ಸೀಲು ಬೇಗ ಸವೆಯುತ್ತವೆ. ಅಳತೆಯ ಚೀಟಿ ಬರೆದು, ಮಾಲು ಹಿಂದಕ್ಕೆ ಕಳಿಸಿದೆವು. ಹಣ ತಿರುಗಿ ಬರಲು ಎರಡು ತಿಂಗಳು ಹಿಡಿಯಿತು, ಬಂತು. ಎರಡನೆಯ ಜೋಡಿಯನ್ನು ಬೇರೆ ಕಡೆಯಿಂದ, ತಂತಿಯ ದಪ್ಪ, ಸುತ್ತುಗಳ ಸಂಖ್ಯೆ, ಹೊರ ಅಗಲ, ಉದ್ದ ನಾಲ್ಕನ್ನೂ ಮೊದಲೇ ಬರೆದು ಕೇಳಿ ತರಿಸಿದೆವು. ಅವು 40 ಮತ್ತು 40.5 ತೂಗಿದವು.

ಇನ್ನು ಹಾಕುವ ಕ್ರಮ. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು, ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಬೇಕು. ಚಕ್ರ ನೆಲದ ಮೇಲಿದ್ದರೆ ಸ್ಪ್ರಿಂಗ್ ಒತ್ತಡದಲ್ಲಿಯೇ ಇರುತ್ತದೆ, ನಟ್ ಬಿಚ್ಚಿದ ಕೂಡಲೇ ಗಾಡಿಯ ಮೋರೆ ಕುಸಿಯುತ್ತದೆ, ನಟ್ ಮುಖಕ್ಕೆ ಹಾರುತ್ತದೆ. ಚಕ್ರ ಎತ್ತಿದ ಮೇಲೂ ಕೊನೆಯ ಎರಡು ಸುತ್ತು ಬಿಚ್ಚುವಾಗ ಪಾನಾವನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು, ಮುಖ ಬಗ್ಗಿಸಿ ನೋಡಬಾರದು. ಒಂದೊಂದೇ ಕಾಲು ಬಿಚ್ಚುವುದು ಕ್ಷೇಮ. ಸ್ಪ್ರಿಂಗ್ ತೆಗೆದ ಮೇಲೆ ಕೆಳಗಿನ ಸ್ಕ್ರೂ ಬಿಚ್ಚಿ ಹಳೆಯ ಆಯಿಲ್ ಇಳಿಸಬೇಕು. ನಮ್ಮದರಲ್ಲಿ ಬಂದದ್ದು ಆಯಿಲ್ ಅಲ್ಲ, ಕಾಡಿಗೆಯಂಥ ರಾಡಿ. ಅದೂ ಒಂದು ಕಾಲಿನಲ್ಲಿ ಬಹಳ, ಇನ್ನೊಂದರಲ್ಲಿ ಏನೂ ಇಲ್ಲ. ಸೀಮೆಎಣ್ಣೆಯಿಂದ ಎರಡು ಮೂರು ಸಲ ತೊಳೆದು ಪೂರ್ತಿ ಬಸಿಯಲು ಬಿಟ್ಟೆವು.

ಜಾವಾದ ಮುಂದಿನ ಕೊಳವೆಗಳ ಮೇಲ್ಭಾಗ ತಗಡಿನ ಕವಚದೊಳಗೆ ಇರುತ್ತದೆ. ಅಂದಕ್ಕೆ ಚೆಂದ, ಆದರೆ ತುಕ್ಕು ಹಿಡಿದರೆ ಕಾಣುವುದಿಲ್ಲ. ಬಿಚ್ಚಿದಾಗಲೇ ಕೈ ಆಡಿಸಿ ನೋಡಬೇಕು. ಕೊಳವೆ ಗೀರು ಬಿದ್ದಿದ್ದರೆ ಹೊಸ ಸೀಲು ಹಾಕಿಯೂ ಪ್ರಯೋಜನವಿಲ್ಲ, ವಾರದಲ್ಲಿ ಆಯಿಲ್ ಇಳಿಯುತ್ತದೆ. ಒಮ್ಮೆ ಬಿದ್ದ ಗಾಡಿಯಾದರೆ ಕೊಳವೆ ಬಾಗಿದೆಯೇ ಎಂದು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಬೇಕು. ನಮ್ಮವು ನೆಟ್ಟಗಿದ್ದವು, ದೇವರ ದಯೆ.

ಆಯಿಲ್ ವಿಷಯದಲ್ಲಿ ಮಿಸ್ತ್ರಿಯವರು ಬಹಳ ಕಟ್ಟುನಿಟ್ಟು. ಔಷಧದ ಅಳತೆ ಗೀಟು ಇರುವ ಬಾಟಲಿಯಲ್ಲಿ ಎರಡೂ ಕಾಲಿಗೆ ಹನಿ ಹೆಚ್ಚುಕಡಿಮೆ ಇಲ್ಲದಂತೆ ಹಾಕಿದರು. ಎಷ್ಟು ಮತ್ತು ಯಾವ ನಂಬರಿನದು ಎಂಬುದನ್ನು ನಿಮ್ಮ ಗಾಡಿಯ ಪುಸ್ತಕ ನೋಡಿಯೇ ಹಾಕಿಸಿರಿ. ಸ್ಪ್ರಿಂಗ್ ಭಾರ ಹೊರುತ್ತದೆ, ಆಯಿಲ್ ಅದರ ಕುಣಿತ ನಿಲ್ಲಿಸುತ್ತದೆ. ಎರಡರ ಕೆಲಸ ಬೇರೆ ಬೇರೆ. ಸ್ಪ್ರಿಂಗ್ ಗಿಡ್ಡವಾದಾಗ ದಪ್ಪ ಆಯಿಲ್ ಹಾಕಿ ನಡೆಸುವವರಿದ್ದಾರೆ. ಅದರಿಂದ ಗಾಡಿ ಎತ್ತರವಾಗುವುದಿಲ್ಲ, ಕುಸಿದದ್ದು ನಿಧಾನವಾಗಿ ಮೇಲೆ ಬರುತ್ತದೆ ಅಷ್ಟೇ. ಮುಂದಿನ ತಗ್ಗು ಬರುವಷ್ಟರಲ್ಲಿ ಇನ್ನೂ ಕೆಳಗೇ ಇರುತ್ತದೆ.

ಹೊಸ ಸ್ಪ್ರಿಂಗ್ ಇಳಿಬಿಟ್ಟು ಮೇಲಿನ ನಟ್ ಹಾಕಿ ಕೈಯಿಂದಲೇ ಮೊದಲ ಆಟೆ ಹಿಡಿಸಬೇಕು. ಒತ್ತಡವಿದ್ದಾಗ ಓರೆಯಾಗಿ ಪಾನಾ ಹಚ್ಚಿದರೆ ಆಟೆ ಕೆಡುತ್ತದೆ, ಹಳೆಯ ಗಾಡಿಗೆ ಆ ನಟ್ ಸಿಗುವುದು ಸ್ಪ್ರಿಂಗಿಗಿಂತ ಕಷ್ಟ. ಚಕ್ರ ಬಿಚ್ಚಿದ್ದರೆ ಮತ್ತೆ ಹಾಕಿದ ಬಳಿಕ ಅಚ್ಚಿನ ಕಡೆಯ ಬೋಲ್ಟು ಬಿಗಿಯುವ ಮೊದಲು ಗಾಡಿ ಕೆಳಗಿಳಿಸಿ, ಹ್ಯಾಂಡಲ್ ಹಿಡಿದು ಐದಾರು ಸಲ ಜೋರಾಗಿ ಒತ್ತಬೇಕು. ಕಾಲುಗಳು ತಮ್ಮ ಜಾಗಕ್ಕೆ ತಾವೇ ಕೂಡುತ್ತವೆ. ಆಮೇಲೆ ಬಿಗಿಯಬೇಕು.

ಬುಲೆಟ್ ಇರುವವರು ಕೇಳಬಹುದು. ಹಳೆಯ ಬುಲೆಟ್ಟಿನಲ್ಲಿ ಕೆಲಸ ತುಸು ಹೆಚ್ಚು. ಚಕ್ರ, ಮಡ್‌ಗಾರ್ಡ್ ಬಿಚ್ಚಿ, ಕಾಲಿನ ತಳದ ನಟ್ ತೆಗೆದು ಕೆಲಸ ಮಾಡಬೇಕಾಗುತ್ತದೆ. ಆದರೆ ಅದಕ್ಕೆ ಸಾಮಾನಿನ ಚಿಂತೆ ಇಲ್ಲ, ಮದ್ರಾಸಿನಲ್ಲಿ 1955ರಿಂದ ನಡೆದುಬಂದ ಗಾಡಿ, ಪೇಟೆ ತುಂಬ ಸಿಗುತ್ತದೆ.

ಕೆಲವರು ಹಣ ಉಳಿಸಲು ಹಳೆಯ ಸ್ಪ್ರಿಂಗಿನ ಮೇಲೆ ಕೊಳವೆಯ ತುಂಡು, ವಾಶರ್, ಹಳೆಯ ನಾಣ್ಯ ಸಹ ಇಡಿಸುತ್ತಾರೆ. ಕಾಲಿಂಚು ಇಟ್ಟರೆ ಮೋರೆ ತುಸು ಎತ್ತರವಾಗುತ್ತದೆ, ಹಾನಿಯಿಲ್ಲ. ಎರಡಿಂಚು ಇಟ್ಟರೆ ಶಾಕಪ್ ತಳ ಮುಟ್ಟುವ ಮೊದಲೇ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಕೂಡಿ ಗಟ್ಟಿ ಕಂಬದಂತಾಗುತ್ತವೆ. ಇನ್ನು ಕೆಲವರು ಬೇರೆ ಗಾಡಿಯ ಉದ್ದ ಸ್ಪ್ರಿಂಗ್ ತಂದು ಕತ್ತರಿಸಿ ಹಾಕುತ್ತಾರೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಬಿರುಸು ಬಹಳವಾದರೆ ಕೈ ರಟ್ಟೆ ನೋಯುತ್ತದೆ, ತಗ್ಗಿನಲ್ಲಿ ಚಕ್ರ ಕುಪ್ಪಳಿಸುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ನೋಡಲು ಟೇಪು ಸಾಕು. ಚಕ್ರ ಎತ್ತಿದಾಗ ಅಚ್ಚಿನಿಂದ ಹೆಡ್‌ಲೈಟಿನ ಕೆಳ ಅಂಚಿಗೆ ಎಷ್ಟು, ನಿತ್ಯ ಓಡಿಸುವವನು ಕುಳಿತಾಗ ಎಷ್ಟು ಎಂದು ಅಳೆಯಬೇಕು. ಶಾಕಪ್ಪಿನ ಒಟ್ಟು ಓಟದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿದರೆ ಸರಿ. ಅಂದರೆ ಓಟ 120 ಮಿ.ಮೀ. ಇದ್ದರೆ 30ರಿಂದ 40. ಹಳೆಯ ಸ್ಪ್ರಿಂಗ್ ಇದ್ದಾಗ ನಮ್ಮ ಗಾಡಿ ಹುಡುಗ ಕುಳಿತರೆ ಅರ್ಧಕ್ಕಿಂತ ಹೆಚ್ಚು ಇಳಿಯುತ್ತಿತ್ತು. ಈಗ ಮೂರನೆಯ ಒಂದು ಭಾಗದೊಳಗೆ ನಿಲ್ಲುತ್ತದೆ.

ವೈನಿಯವರು ಅಂಗಳದಲ್ಲಿ ನಿಂತು ಮಗನಿಂದ ಹತ್ತು ಸಲ ಬ್ರೇಕ್ ಹಿಡಿಸಿ ನೋಡಿದರು. ‘ಟಕ್’ ಸಪ್ಪಳ ಬರಲಿಲ್ಲ. ಮಾರುವ ಮಾತು ಅಲ್ಲಿಗೆ ನಿಂತಿದೆ. ಸೊಸೆ ಇನ್ನೂ ಹಿಂದೆ ಕುಳಿತಿಲ್ಲ. ‘ಒಂದ ಮಳಿಗಾಲ ಹೋಗಲಿ ಕಾಕಾರ, ಆಮ್ಯಾಲ ನೋಡೂಣು’ ಎನ್ನುತ್ತಾಳೆ. ಯಾರೂ ಒತ್ತಾಯ ಮಾಡಿಲ್ಲ.

ಕಾಗದಪತ್ರದ ಮಾತೂ ಒಂದಿದೆ. 50 ವರ್ಷ ಮೀರಿದ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ನಿಯಮದಲ್ಲಿ ಶುಲ್ಕ 20,000 ರೂ., ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ ಎಂದಿದೆ. ಚಾಸಿ, ಇಂಜಿನ್ ಮೂಲ ಸ್ವರೂಪದಲ್ಲಿರಬೇಕು. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನದ ಓಡಾಟಕ್ಕೆ ಅಲ್ಲ. ಪೇಟೆಗೆ, ಕುಂಭೋಜದ ಬಾಹುಬಲಿಗೆ ಹೋಗಿಬರುವ ವಿಚಾರ ಇದ್ದವರು ಸಾದಾ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ಅನುಕೂಲ. ನಾವು ಹಾಗೆಯೇ ಮಾಡಿದ್ದೇವೆ.

ತೂಗುವ ಸಲಾಕೆ, ತಗಡು ನಮ್ಮ ಗೋದಾಮಿನಲ್ಲಿಯೇ ಇವೆ. ಮಾದರಿ ಸ್ಪ್ರಿಂಗಿನ ನಾಲ್ಕೂ ಅಳತೆಗಳನ್ನು ಮಿಸ್ತ್ರಿಯವರ ಒಪ್ಪಿಗೆಯಿಂದ ವಹಿಯಲ್ಲಿ ಬರೆದಿಟ್ಟಿದ್ದೇವೆ. ನಮ್ಮ ಸಮಾಜದ ಯಾರ ಮನೆಯಲ್ಲಿ ಜಾವಾ ಇದ್ದರೂ ಸ್ಪ್ರಿಂಗ್ ಬಿಚ್ಚಿಸಿಕೊಂಡು ತಂದು ತೂಗಿಸಿಕೊಂಡು ಹೋಗಬಹುದು. ಚಾತುರ್ಮಾಸದ ದಿನಗಳಲ್ಲಿ ವ್ಯಾಪಾರದ ಗದ್ದಲ ಕಡಿಮೆ ಇರುತ್ತದೆ, ಆಗ ಮಧ್ಯಾಹ್ನದ ಮೇಲೆ ಬಂದರೆ ನಮಗೂ ಸವಡು ಇರುತ್ತದೆ.